ಸೊಪ್ಪಿನ ಕೋಲಿನ ಮೇಲೆ ಚಿಲಿ ದೇಶ

ಸೋಮವಾರ ಸೌಂದರ್ಯ ಹುಣಸೂರಿನ ಶಾಲೆಯೊಂದರಲ್ಲಿ ಕೆಲಸಕ್ಕಾಗಿ ಪಾಠ ಮಾಡಿ ತೋರಿಸಬೇಕಿತ್ತು. ಹಿಂದಿನ ಸಲ ಇನ್ನೊಂದು ಶಾಲೆಯಲ್ಲಿ ಬೋರ್ಡಿನ ಮುಂದೆ ಬಾಯಿ ಒಣಗಿ, ಅರ್ಧಕ್ಕೇ ಇಳಿದು ಬಂದಿದ್ದಳು. ಈ ಸಲವೂ ಹಾಗಾದರೆ ಟೀಚರ್ ಕೆಲಸದ ತಂಟೆಗೇ ಹೋಗುವುದಿಲ್ಲ ಎಂದುಬಿಟ್ಟಿದ್ದಳು. ತಾಯಿ ಸುನಂದಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಅದರ ಹಿಂದಿನ ದಿನ ಕಟ್ಟೆಮಳಲವಾಡಿಯಲ್ಲಿ, ಸೊಪ್ಪು ಬೇಯಿಸುವ ಅವರ ಬ್ಯಾರನ್ನಿನ ಮುಂದೆ, ಕೆಲಸಕ್ಕೆ ಕೆಲಸ ಎಂದು ಮುಯ್ಯಾಳಿಗೆ ಬಂದ ಹೆಂಗಸರು ಹೊಗೆಸೊಪ್ಪನ್ನು ಕೋಲಿಗೆ ಕಟ್ಟುತ್ತಿದ್ದರು.

"ಅದೇನ್ ಪಾಠ, ನಮ್ಗೇ ಒಪ್ಸವ್ವ" ಎಂದಳು ಎದುರುಮನೆಯ ಪುಟ್ಟಮಲ್ಲಮ್ಮ.

ಸೌಂದರ್ಯ ಖಾಲಿ ಕೋಲೊಂದನ್ನು ಎತ್ತಿಕೊಂಡಳು. "ಇದು ಚಿಲಿ ದೇಶದ ಸಮುದ್ರದ ದಡ. ಈ ತುದಿ ಉತ್ತರ. ಪಕ್ಕದಲ್ಲೇ ಸಮುದ್ರ ಇದ್ರೂ ಮಳೆ ಅಪರೂಪ. ದಕ್ಷಿಣಕ್ಕೆ ಹೋದಂಗೆಲ್ಲ ಮಳೆ ಜಾಸ್ತಿ, ಚಳಿ ಜಾಸ್ತಿ." ದನಿ ಗಂಟಲಲ್ಲೇ ಇತ್ತು.

"ತೆಂಕ್ಲಾಗ್ ಓದ್ರೆ ಸೆಕೆ ಅಲ್ವೇನವ್ವ? ಉಲ್ಟಾ ಏಳ್ತಿದೀಯಲ್ಲ!" ಎಂದಳು ಪುಟ್ಟಮಲ್ಲಮ್ಮ.

ಹೆಂಗಸರೆಲ್ಲ ಗೊಳ್ಳೆಂದರು. ಹುಡುಗಿ ತಲೆ ತಗ್ಗಿಸಿ ಕೋಲನ್ನು ನೋಡಿದಳು. ಸುನಂದಮ್ಮನಿಗೆ ಈ ಪುಟ್ಟಮಲ್ಲಿಯ ಬಾಯಿಗೆ ಸೊಪ್ಪು ತುರುಕಬೇಕು ಅನ್ನಿಸಿತು.

"ದೊಡ್ಡವ್ವ, ಬಿಸಿಲು ಜೋರಾಗಿ ಬೀಳೋದು ಭೂಮಿ ಸೊಂಟದ ಸುತ್ತ" ಎಂದಳು ಸೌಂದರ್ಯ ತಲೆಯೆತ್ತಿ. "ನಾವು ಸೊಂಟದಿಂದ ಮೇಲಿದೀವಿ, ಅವ್ರು ಕೆಳಗವ್ರೆ. ನಾವು ತೆಂಕ್ಲಾಗ್ ಹೋದ್ರೆ ಸೊಂಟ ಹತ್ರ ಆಯ್ತದೆ, ಅವ್ರಿಗೆ ದೂರ ಆಯ್ತದೆ. ಅದ್ಕೇ ಚಳಿ."

"ಅಂಗಾ!" ಎಂದಳು ಪುಟ್ಟಮಲ್ಲಮ್ಮ.

"ಸಮುದ್ರದಿಂದ ಮಳೆ ತರೋ ಗಾಳೀನೂ ದಕ್ಷಿಣದ ಭಾಗದಾಗೇ ಬೀಸೋದು. ಪಿರಿಯಾಪಟ್ಟಣದಾಗೆ ಸುರಿಯೋ ಮಳೆ ಕೆ.ಆರ್. ನಗರಕ್ಕೆ ಬರೋ ಹೊತ್ಗೆ ಕಮ್ಮಿ ಆಗಲ್ವಾ? ಅಲ್ಲೂ ಅಂಗೇ, ಒಂದೇ ದಡದ ಮೇಲೆ!"

ಮಾತಾಡುತ್ತಲೇ ಕೋಲಿನ ಉತ್ತರದ ತುದಿಗೆ ಒಂದೇ ಒಂದು ಎಲೆ ಕಟ್ಟಿದಳು. ನಡುವೆ ನಾಲ್ಕಾರು. ದಕ್ಷಿಣದ ತುದಿಗೆ ಒತ್ತೊತ್ತಾಗಿ ಹೊರೆ ಎಲೆ. ಕೋಲು ಒಂದೇ ಕಡೆಗೆ ವಾಲಿತು. ಹಾಗೆ ಒತ್ತಾಗಿ ಕಟ್ಟಿದ ಸೊಪ್ಪು ಬೆಂಕಿಗೆ ಸರಿಯಾಗಿ ಬೇಯದೆ ಕಪ್ಪಾಗುತ್ತದೆ. ಬೇರೆ ಯಾರೇ ಕಟ್ಟಿದ್ದರೂ ಸುನಂದಮ್ಮ ಕೋಲನ್ನು ಕಿತ್ತೆಸೆದು ಮಂಗಳಾರತಿ ಮಾಡುತ್ತಿದ್ದಳು. ಈಗ ಆ ವಾಲಿದ ಕೋಲನ್ನೇ ಕಣ್ತುಂಬ ನೋಡಿದಳು. ಕಾಣದ ದೇಶದ ಮಳೆಯನ್ನೆಲ್ಲ ನನ್ನ ಅಂಗಳಕ್ಕೆ ತಂದು ನಿಲ್ಲಿಸಿದ್ದಾಳಲ್ಲ, ಇವಳು ನನ್ನ ಹೊಟ್ಟೆಯಲ್ಲೇ ಹುಟ್ಟಿದವಳಾ ಎಂದು ಹೆಮ್ಮೆಯಿಂದ ಬೀಗಿದಳು.

ಸುನಂದಮ್ಮ ಸೊಪ್ಪಿನ ಅಂಟಿನಿಂದ ಕಪ್ಪಾದ ಬಲಗೈ ಮೆಲ್ಲಗೆ ಮೇಲೆತ್ತಿದಳು.

"ಮೇಡಂ, ಆ ದೇಸ್ದಾಗೆ ರಾಗಿ ಬಿತ್ತಬೇಕು ಅಂದ್ರೆ ಯಾವ ಕಡೆ ಸರಿ?"

ಯಾರೂ ನಗಲಿಲ್ಲ. ಸೌಂದರ್ಯ ಅವ್ವನ ಕಡೆ ತಿರುಗಿ ಕೋಲನ್ನು ಎತ್ತಿ ಹಿಡಿದಳು.

"ಒಳ್ಳೆ ಪ್ರಶ್ನೆ. ಕೈ ಇಳಿಸಿ, ಹೇಳ್ತೀನಿ" ಎಂದಳು. ದನಿ ಬೀದಿಯ ತುದಿಯವರೆಗೂ ಕೇಳುವಂತಿತ್ತು.