ಮೂಗಿನ ಗುಟ್ಟು

ಫ್ರಾನ್ಸಿನ ದಿಜೋನ್ ಪಟ್ಟಣದ ಹಳೆಯ ಮಾರುಕಟ್ಟೆಯ ಸುತ್ತ ಗಿಲೇನ್ ಮುಶೋ ಹತ್ತೊಂಬತ್ತು ವರ್ಷಗಳಿಂದ ಪ್ರವಾಸಿಗರನ್ನು, ಊರಿನ ತಿನಿಸುಗಳ ರುಚಿ ತೋರಿಸುತ್ತಾ, ನಡೆಸಿಕೊಂಡು ಹೋಗುತ್ತಿದ್ದಳು. ಹತ್ತು ಗಂಟೆಗೆ ಚರ್ಚಿನ ಪಕ್ಕದ ಗಲ್ಲಿಯಲ್ಲಿ ಸೇರುವುದು. ಅಲ್ಲಿಂದ ಸಾಸಿವೆ ಅಂಗಡಿ, ಜೇನುರೊಟ್ಟಿಯ ಅಂಗಡಿ, ಕಬ್ಬಿಣದ ಚಾವಣಿಯ ಕೆಳಗಿನ ಚೀಸ್ ಕಟ್ಟೆ. ಕೊನೆಗೆ ಚೌಕದ ಬೆಂಚಿನಲ್ಲಿ ಕೂತು, ಅವಳೇ ಮನೆಯಲ್ಲಿ ಮಾಡಿ ತಂದ, ಸೊಪ್ಪು ಹಾಕಿ ಹೆಪ್ಪುಗಟ್ಟಿಸಿದ ಹಂದಿಮಾಂಸದ ಬಿಲ್ಲೆ ತಿಂದರೆ ಆ ದಿನದ ನಡಿಗೆ ಮುಗಿಯುತ್ತಿತ್ತು.

ಎರಡು ಚಳಿಗಾಲಗಳ ಹಿಂದೆ ಅವಳಿಗೆ ಜ್ವರ ಬಂತು. ನಾಲ್ಕು ದಿನಕ್ಕೆ ಜ್ವರ ಬಿಟ್ಟಿತು, ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತು. ಒಲೆಯ ಮೇಲೆ ಕಾಫಿ ಸೀದು ಕರಿಯಾಗಿದ್ದೂ ಗೊತ್ತಾದದ್ದು ಹೊಗೆ ಕಣ್ಣಿಗೆ ಚುಚ್ಚಿದ ಮೇಲೆ. ಬಂದರೆ ಬರಬಹುದು, ಬಾರದೆಯೂ ಇರಬಹುದು ಎಂದ ಡಾಕ್ಟರು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಕೆಲಸ ಹೋಗುತ್ತದೆ. ಆ ಕೆಲಸ ಹೋದರೆ ವಾರಗಟ್ಟಲೆ ಒಂದು ಮಾತಾಡಲೂ ಜನರಿಲ್ಲ. ಹೇಳಬೇಕಾದ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಯಾವ ಚೀಸಿಗೆ ಕೊಟ್ಟಿಗೆಯ ವಾಸನೆ, ಯಾವ ರೊಟ್ಟಿಗೆ ಸೋಂಪಿನದು ಎಂಬುದನ್ನು ಮೊದಲಿನಂತೆಯೇ ಹೇಳುತ್ತಾ ಹೋದಳು. ಮನೆಯಲ್ಲಿ ಮಾತ್ರ ತುತ್ತು ಎಂದರೆ ಬಿಸಿ, ತಣ್ಣಗೆ, ಉಪ್ಪು, ಹುಳಿ, ಅಷ್ಟೇ. ಒಮ್ಮೆ ಬೀರುವಿನಿಂದ ಸತ್ತ ತಾಯಿಯ ಶಾಲು ತೆಗೆದು ಮುಖಕ್ಕೆ ಒತ್ತಿಕೊಂಡಳು. ಉಣ್ಣೆ ಚುಚ್ಚಿತು, ತಾಯಿ ಬರಲಿಲ್ಲ. ಮತ್ತೆ ಆ ಬೀರು ತೆರೆಯಲಿಲ್ಲ.

ನವೆಂಬರಿನ ಒಂದು ಶುಕ್ರವಾರ ಹಿಮ ಬೆರೆತ ಮಳೆ. ಬರಬೇಕಿದ್ದ ನಾಲ್ವರಲ್ಲಿ ಬಂದದ್ದು ಒಬ್ಬನೇ: ಲೆಯೋನ್ಸ್ ಬಾರ್ವಾ ಎಂಬ ಮುದುಕ, ಮೂವತ್ತು ವರ್ಷ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಸೂಪು ಬೇಯಿಸಿ ನಿವೃತ್ತನಾದವನು. ಹೆಚ್ಚು ಮಾತಿಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿಕೊಂಡು, ಕೊಟ್ಟದ್ದನ್ನೆಲ್ಲ ತಿಂದ. ಮಳೆ ನಿಂತ ಮೇಲೆ ಬೆಂಚಿನಲ್ಲಿ ಕೂತಾಗ ಬಿಲ್ಲೆಯ ಒಂದು ಚೂರು ಬಾಯಿಗಿಟ್ಟು, ನಿಧಾನ ಅಗಿದು ನುಂಗಿದ. ಗಿಲೇನ್ ಎರಡು ಚೂರು ತಿಂದು ಅವನಿಗೆ ಇನ್ನೊಂದು ಚಾಚಿದಳು. ಅವನು ಡಬ್ಬಿಯ ಮುಚ್ಚಳ ಹಾಕಿದ.

"ಮದಾಮ್, ಇದನ್ನ ಇನ್ನು ಯಾರಿಗೂ ಕೊಡಬೇಡಿ. ಕೆಟ್ಟಿದೆ. ಮುಚ್ಚಳ ತೆಗೆದಾಗಲೇ ಮೂಗಿಗೆ ಹೊಡೀತು."

"ಮತ್ತೆ ಯಾಕೆ ನುಂಗಿದ್ರಿ?"

"ನೀವೂ ತಿಂತಿದ್ರಲ್ಲ. ವಯಸ್ಸಾಯ್ತು, ನನ್ನ ಮೂಗೇ ಕೆಟ್ಟಿರಬೇಕು ಅಂದ್ಕೊಂಡೆ. ಬಾಯಿಗಿಟ್ಟ ಮೇಲೆ ಖಾತ್ರಿಯಾಯ್ತು."

ಅವಳಿಗೆ ಇನ್ನು ಮುಚ್ಚಿಡಲು ಆಗಲಿಲ್ಲ. ಎರಡು ವರ್ಷದ ಮಾತನ್ನೆಲ್ಲ ಆ ಅಪರಿಚಿತನ ಮುಂದೆ ಹೇಳಿಕೊಂಡಳು. ಅವನು ಅಯ್ಯೋ ಪಾಪ ಎನ್ನಲಿಲ್ಲ. ಎಲ್ಲ ಕೇಳಿ, "ಮನೇಲಿ ಹಾಲು ಒಡೆದಿದ್ಯಾ ಅಂತ ನೋಡಕ್ಕೆ ಯಾರಾದ್ರೂ ಇದಾರಾ?" ಎಂದ. ಇಲ್ಲ ಎಂದಳು. ತಲೆಯಾಡಿಸಿ, ಅವಳ ಕೈ ಕುಲುಕಿ, ರೈಲಿಗೆ ಹೊತ್ತಾಯಿತೆಂದು ಹೊರಟುಹೋದ.

ಡಬ್ಬಿಯಲ್ಲಿದ್ದುದನ್ನು ಕಸಕ್ಕೆ ಸುರಿದು ಅವಳು ಮಾರುಕಟ್ಟೆಗೆ ಮರಳಿದಳು. ಚೀಸ್ ಮಾರುವ ಕ್ಲೋತಿಲ್ಡ್ ಅಂಗಡಿ ಮುಚ್ಚಲು ಕಟ್ಟೆ ಒರೆಸುತ್ತಿದ್ದಳು. ಇಪ್ಪತ್ತು ವರ್ಷದ ಗೆಳತಿ. ಗಿಲೇನ್ ನಡೆದದ್ದನ್ನೆಲ್ಲ ಹೇಳಿದಳು. ಕ್ಲೋತಿಲ್ಡ್ ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಕಣೇ. ಹೋದ ವರ್ಷ ಈಸ್ಟರಿಗೂ ಮುಂಚೆ. ಚೀಸಿನ ಖಾಲಿ ಡಬ್ಬಿಗೆ ಮೂಗಿಟ್ಟು, ಒದ್ದೆ ಹುಲ್ಲು, ಕೊಟ್ಟಿಗೆ ಅಂತ ಅಷ್ಟು ಜನರ ಮುಂದೆ ಹೊಗಳಿದ್ಯಲ್ಲ, ಅವತ್ತೇ."

ಸಾಸಿವೆಯವನಿಗೂ ಗೊತ್ತಿತ್ತು, ರೊಟ್ಟಿಯವಳಿಗೂ ಗೊತ್ತಿತ್ತು. ಅವಳು ಕರೆತಂದ ಜನರಿಗೆ ಕೊಡುವುದನ್ನೆಲ್ಲ ಅವರೇ ಮೊದಲು ಮೂಸಿ ಕೊಡುತ್ತಿದ್ದರು. ಅವಳು ಮನೆಯಿಂದ ತರುವ ಡಬ್ಬಿಯೊಂದು ಮಾತ್ರ ಅವರ ಕೈಗೆ ಸಿಗುತ್ತಿರಲಿಲ್ಲ.

"ಒಬ್ಬರೂ ಹೇಳಲಿಲ್ವಲ್ಲೇ."

"ನೀನೂ ಹೇಳಲಿಲ್ಲ."

ಕೃತಜ್ಞತೆ ಬರಬೇಕಿತ್ತು. ಬಂದದ್ದು ನಾಚಿಕೆ, ಅದರ ಹಿಂದೆ ಸಿಟ್ಟು. ಅಷ್ಟೂ ದಿನ ಈ ಗುಟ್ಟಿಗೆ ಒಬ್ಬಳೇ ಕಾವಲು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಇವರೆಲ್ಲ ಗೋಡೆಯ ಆಚೆ ನಿಂತು ಅವಳು ಕಾಯುವುದನ್ನು ನೋಡುತ್ತಿದ್ದರು. ಒಬ್ಬರಾದರೂ ಈಚೆ ಬಂದಿದ್ದರೆ ಎನ್ನಿಸಿತು. ಮನೆಗೆ ಹೋದಳು. ಎರಡು ವಾರ ಹೊರಗೆ ಬರಲಿಲ್ಲ. ಕ್ಲೋತಿಲ್ಡ್ ಎರಡು ಸಲ ಫೋನು ಮಾಡಿದಳು, ಅವಳು ಎತ್ತಲಿಲ್ಲ.

ಮೂರನೆಯ ವಾರ ಆರು ಮಂದಿ ಬರುವುದಿತ್ತು. ಹೋದಳು. ಗಲ್ಲಿಯಲ್ಲೇ ಅವರನ್ನು ನಿಲ್ಲಿಸಿ ಹೇಳಿದಳು:

"ನನಗೆ ವಾಸನೆ ಬರಲ್ಲ. ಬೀದಿ ಗೊತ್ತು, ಅಂಗಡಿ ಗೊತ್ತು, ಕಥೆ ಗೊತ್ತು. ಏನು ವಾಸನೆ ಬರ್ತಿದೆ ಅಂತ ನೀವೇ ನನಗೆ ಹೇಳಬೇಕು."

ಒಂದು ಜೋಡಿ ಮುಖ ಮುಖ ನೋಡಿಕೊಂಡು ಬೇರೆ ಕೆಲಸವಿದೆಯೆಂದು ಹೊರಟುಹೋಯಿತು. ಉಳಿದವರು ನಡೆದರು. ಚೀಸ್ ಕಟ್ಟೆಯಲ್ಲಿ ಲಿಲ್ ಊರಿನ ಹೆಂಗಸೊಬ್ಬಳು ಬಗ್ಗಿ ಮೂಸಿ, ನಮ್ಮಪ್ಪ ಕೆಲಸದಿಂದ ಬಂದು ಬೂಟು ಬಿಚ್ಚಿದ ಹಾಗಿದೆ ಎಂದಳು. ಎಲ್ಲರೂ ನಕ್ಕರು, ಗಿಲೇನ್ ಕೂಡ. ಕ್ಲೋತಿಲ್ಡ್ ನಗಲಿಲ್ಲ, ಚಾಕುವಿನ ತುದಿಯಲ್ಲಿ ಒಂದು ಚೂರು ತೆಗೆದು ಗೆಳತಿಯ ಕೈಗಿಟ್ಟಳು. ಗಿಲೇನ್ ತೆಗೆದುಕೊಂಡಳು.

ವಾಸನೆ ಮರಳಿ ಬರಲೇ ಇಲ್ಲ. ನಡಿಗೆ ಮಾತ್ರ ನಿಲ್ಲಲಿಲ್ಲ. ಬಂದವರು ತಮ್ಮ ಅಜ್ಜಿಯ ಅಡುಗೆಮನೆ, ಮಳೆಯಲ್ಲಿ ನೆನೆದ ನಾಯಿ, ಶಾಲೆಯ ಸೀಮೆಸುಣ್ಣ, ಹೀಗೆ ಏನೇನೋ ಹೇಳುತ್ತಿದ್ದರು, ಅವಳು ಕೇಳುತ್ತಿದ್ದಳು. ಮಧ್ಯಾಹ್ನ ಅವರು ಹೋದ ಮೇಲೆ ಮನೆಗೆ ಬಂದು ಆಲೂಗಡ್ಡೆ ಬೇಯಿಸಿ, ರೇಡಿಯೊ ಹಾಕಿಕೊಂಡು ಉಣ್ಣುತ್ತಿದ್ದಳು. ಬಿಸಿ ಇರುತ್ತಿತ್ತು, ಉಪ್ಪು ಇರುತ್ತಿತ್ತು.