ಅಂಚೆಯಲ್ಲಿ ಬಂದ ವಿಶ್ವವಿದ್ಯಾನಿಲಯ

ಬೈರಯ್ಯ ಮೇಷ್ಟ್ರು ಮೈಸೂರು ವಿಶ್ವವಿದ್ಯಾನಿಲಯದ ಎಂ.ಎ. ಪದವೀಧರರು. ಆದರೆ ಅರವತ್ತನಾಲ್ಕು ವರ್ಷ ತುಂಬುವವರೆಗೂ ಅವರು ಆ ವಿಶ್ವವಿದ್ಯಾನಿಲಯವನ್ನು ಕಣ್ಣಾರೆ ಕಂಡಿರಲಿಲ್ಲ.

ಅದರಲ್ಲಿ ಮೋಸವೇನೂ ಇಲ್ಲ. ಅರಕಲಗೂಡಿನ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದಾಗ ಅವರು ಅಂಚೆ ಮೂಲಕ ಇತಿಹಾಸದ ಎಂ.ಎ. ಕಟ್ಟಿದ್ದರು. ಪಾಠದ ಪುಸ್ತಕಗಳು ಪೋಸ್ಟ್‌ಮ್ಯಾನನ ಸೈಕಲ್ಲಿನ ಮೇಲೆ ಬರುತ್ತಿದ್ದವು. ಪರೀಕ್ಷೆ ಬರೆದದ್ದು ಹಾಸನದಲ್ಲಿ. ಪದವಿ ಪತ್ರವೂ ಒಂದು ದಿನ ದಪ್ಪ ಲಕೋಟೆಯೊಳಗೆ ಅಂಚೆಯಲ್ಲೇ ಬಂತು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಮೈಸೂರಿಗೆ ಎಷ್ಟೋ ಸಲ ಕರೆದೊಯ್ದಿದ್ದರು. ಅರಮನೆ, ಮೃಗಾಲಯ, ಬೆಟ್ಟ, ಸಂಜೆಗೆ ಬೃಂದಾವನ. ಪ್ರವಾಸದ ಬಸ್ಸು ವಿಶ್ವವಿದ್ಯಾನಿಲಯವಿರುವ ಮಾನಸಗಂಗೋತ್ರಿಯ ಕಡೆಗೆ ಯಾಕೆ ತಿರುಗೀತು?

ಮೋಸ ಆದದ್ದು ಒಂದು ಮಧ್ಯಾಹ್ನ, ನಾಲ್ಕನೇ ತರಗತಿಯಲ್ಲಿ.

“ಸಾ, ನೀವು ಎಲ್ಲಿ ಓದಿದ್ದು?” ಎಂದು ಕವನಾ ಎಂಬ ಹುಡುಗಿ ಕೇಳಿದಳು.

“ಮೈಸೂರು ಯೂನಿವರ್ಸಿಟೀಲಿ ಕಣವ್ವ.”

“ಎಂಗದೆ ಸಾ ಅದು?”

ಇಡೀ ತರಗತಿ ಕಣ್ಣರಳಿಸಿಕೊಂಡು ಕೂತಿತ್ತು. ಅಂಚೆಯಲ್ಲಿ ಬಂದ ಪುಸ್ತಕದ ಹೊದಿಕೆಯ ಮೇಲೆ ಕಂಬಗಳ ಕಟ್ಟಡವೊಂದರ ಚಿತ್ರವಿತ್ತು. ಮೇಷ್ಟ್ರು ಅಲ್ಲಿಂದ ಶುರು ಮಾಡಿದರು. ಕಟ್ಟಡದ ಪಕ್ಕಕ್ಕೆ ಒಂದು ಕೆರೆ ತಂದರು, ಕೆರೆಯ ಕಡೆ ತೆರೆಯುವ ಕಿಟಕಿಗಳನ್ನು ಇಟ್ಟರು. ಆಮೇಲೆ ಲೈಬ್ರರಿ. ಸೂರು ಮುಟ್ಟುವ ಕಪಾಟುಗಳು, ಅವುಗಳ ಉದ್ದಕ್ಕೂ ಚಕ್ರದ ಮೇಲೆ ಓಡಾಡುವ ತೇಗದ ಏಣಿ. “ಏಣಿ ಅತ್ತಿ ಪುಸ್ತಕ ತಗೀಬೇಕು. ಮೇಲಕ್ ಏರ್ದಷ್ಟೂ ಅಳೇ ಪುಸ್ತಕ” ಎಂದಾಗ ಮಕ್ಕಳು ಸೂರು ನೋಡಿದರು. ಅಂದಿನಿಂದ ಪ್ರತಿ ವರ್ಷದ ನಾಲ್ಕನೇ ತರಗತಿಯೂ ಆ ಕತೆ ಕೇಳಿತು. ಪ್ರತಿ ವರ್ಷವೂ ಅದು ಒಂದಿಷ್ಟು ಬೆಳೆಯಿತು.

ಹದಿನೆಂಟು ವರ್ಷವಾದ ಮೇಲೆ ಅದೇ ಕವನಾ ಫೋನು ಮಾಡಿದಳು.

“ಸಾ, ಸೋಮವಾರ ನನ್ ಪಿಎಚ್‌ಡಿ ವೈವಾ. ಎಲ್ಲಾರ್ ಮುಂದೂ ಕೂರ್ಸಿ ಪ್ರಶ್ನೆ ಕೇಳ್ತಾರೆ. ನೀವು ಬರ್ಲೇಬೇಕು. ನೀವು ಓದಿದ್ ಜಾಗ, ನೀವೇ ಇಲ್ದಿದ್ರೆ ಎಂಗೆ ಸಾ?”

ಮೇಷ್ಟ್ರು ಕಾಲು ನೋವು ಅಂದರು, ಚಳಿ ಅಂದರು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಹೊನ್ನಕ್ಕ ಫೋನು ಕಸಿದುಕೊಂಡು, “ಬತ್ತಾರೆ ಕಣವ್ವ” ಎಂದು ಇಟ್ಟೇಬಿಟ್ಟಳು. ಆಕೆಗೆ ಎಲ್ಲವೂ ಗೊತ್ತಿತ್ತು. “ಓಗಿ ಒಂದ್ಸಲ ನೋಡ್ಕಂಡ್ ಬನ್ನಿ. ಇಲ್ದಿದ್ರೆ ಆ ಏಣಿ ಇನ್ನೂ ಎತ್ರಕ್ಕೆ ಬೆಳೀತದೆ” ಎಂದಳು.

ಸೋಮವಾರ ಮುಂಜಾನೆ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಬಂದು ಮೇಷ್ಟ್ರು ಮೈಸೂರಿನ ರೈಲು ಹತ್ತಿದರು. ಕಿಟಕಿಯಾಚೆ ಗದ್ದೆಗಳು ಹಸಿರಾಗಿ ಹಿಂದೆ ಸರಿಯುತ್ತಿದ್ದವು. ಎದುರಿಗಿದ್ದವರು ಕೊಟ್ಟ ಕಡಲೆಕಾಯಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತರು. ಓದದೆ ಪರೀಕ್ಷೆಗೆ ಹೊರಟವನ ಹಾಗಾಗಿತ್ತು. ಕೃಷ್ಣರಾಜನಗರ ದಾಟಿದ ಮೇಲಂತೂ, ಆ ಹುಡುಗಿಗೆ ಹೇಗೆ ಮುಖ ತೋರಿಸುವುದು ಎಂಬುದೊಂದೇ ಯೋಚನೆ.

ಕವನಾ ಸ್ಟೇಷನ್ನಿನ ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಹಿಂದೆ ಕೂರಿಸಿಕೊಂಡು ಹೊರಟವಳು ಸ್ವಲ್ಪ ದೂರದಲ್ಲೇ, “ನಿಮ್ ಕಂಬದ್ ಕಟ್ಟಡ, ಕ್ರಾಫರ್ಡ್ ಹಾಲ್ ಬಂತು ಸಾ” ಎಂದಳು. ಮೇಷ್ಟ್ರು ತಲೆಯೆತ್ತಿದರು. ಪುಸ್ತಕದ ಹೊದಿಕೆಯಲ್ಲಿ ಬೆರಳುದ್ದ ಇದ್ದ ಕಂಬಗಳು ಅಲ್ಲಿ ಮುಗಿಲಿಗೆ ನಿಂತಿದ್ದವು. “ನಿಲ್ಸವ್ವ ಒಂಚೂರು” ಎಂದರು. ಇಳಿದು ಗೇಟಿನ ಹತ್ತಿರ ನಿಂತು ನೋಡಿದರು. ಚಿತ್ರ ಅದರ ಅರ್ಧವನ್ನೂ ಹೇಳಿರಲಿಲ್ಲ.

ಮುಂದೆ ಕೆರೆ ಕಾಣಿಸಿತು. ಕೆರೆ ನಿಜವಾಗಿಯೂ ಇತ್ತು! ತಾವು ಪಾಠದ ನಡುವೆ ಬಾಯಿಗೆ ಬಂದಂತೆ ಹೇಳಿದ್ದ ಕೆರೆಗಿಂತ ಹತ್ತು ಪಾಲು ದೊಡ್ಡದು. ನಡುಗಡ್ಡೆಯ ಮರಗಳ ಮೇಲೆ ದೊಡ್ಡ ದೊಡ್ಡ ಕೊಕ್ಕಿನ ಬಿಳಿ ಹಕ್ಕಿಗಳು, ಏರಿಯ ಮೇಲೆ ನಡೆದಾಡುವ ಜನ, ಅದರಾಚೆ ಮರಗಳ ಮಧ್ಯೆ ಮಾನಸಗಂಗೋತ್ರಿ. ಗೇಟಿನೊಳಗೆ ಹೋಗುತ್ತಿದ್ದ ಹುಡುಗ ಹುಡುಗಿಯರನ್ನು ನೋಡುತ್ತಲೇ ಇದ್ದರು. ಎಣ್ಣೆ ಹಾಕಿ ತಲೆ ಬಾಚಿದವರು, ಬುತ್ತಿಯ ಚೀಲ ಹಿಡಿದವರು, ಹವಾಯಿ ಚಪ್ಪಲಿಯವರು. ದೊಡ್ಡ ಮನೆತನದವರ ಮಕ್ಕಳೇ ಓಡಾಡುವ ಜಾಗವೆಂದು ಅವರು ಒಳಗೊಳಗೇ ಅಂದುಕೊಂಡಿದ್ದರು. ಇವರೆಲ್ಲ ತಮ್ಮ ಶಾಲೆಯ ಮಕ್ಕಳೇ ಬೆಳೆದು ಬಂದಂತಿದ್ದರು.

ವಿಭಾಗದ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂರಿಸಿ, ಕವನಾ ತನ್ನ ಪ್ರಬಂಧವನ್ನು ಅವರ ತೊಡೆಯ ಮೇಲಿಟ್ಟಳು. ದಪ್ಪ ರಟ್ಟು, ಹೊನ್ನಿನ ಅಕ್ಷರ. ಅರಕಲಗೂಡು ಸೀಮೆಯ ಕೆರೆ ತೂಬುಗಳ ಶಾಸನಗಳು.

“ಮೊದಲ್ನೇ ಪುಟ ಓದಿ ಸಾ.”

ಕೃತಜ್ಞತೆಯ ಪುಟದ ಮೊದಲ ಸಾಲೇ ಹೀಗಿತ್ತು: ‘ಇದೇ ಆವರಣದಲ್ಲಿ, ಇದೇ ಗ್ರಂಥಾಲಯದಲ್ಲಿ ಓದಿ ಬಂದು, ನಮ್ಮೂರಿನ ಶಾಲೆಯಲ್ಲಿ ನಮಗೆ ಈ ದಾರಿ ತೋರಿಸಿದ ಬೈರಯ್ಯ ಮೇಷ್ಟ್ರಿಗೆ.’

ಅಕ್ಷರಗಳು ಕಲಸಿಹೋದವು. ನಾಲ್ಕನೇ ತರಗತಿಯಲ್ಲಿ ಹೇಳಿದ ಸುಳ್ಳು ಅಚ್ಚಾಗಿ, ರಟ್ಟು ಹಾಕಿಸಿಕೊಂಡು ಎದುರಿಗೆ ಕೂತಿತ್ತು. ಇನ್ನು ಸುಮ್ಮನಿರುವುದು ಅವರಿಂದಾಗಲಿಲ್ಲ.

“ಕವನಾ, ನಾನು ಈ ಗೇಟು ದಾಟಿದ್ದೇ ಇವತ್ತು ಕಣವ್ವ” ಎಂದರು. “ನಾನು ಓದಿದ್ದು ಅಂಚೇಲಿ. ಇಲ್ಲಿ ಒಂದ್ ದಿನಾನೂ ಕೂತೋನಲ್ಲ.”

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. “ಮತ್ತೆ ಆ ಏಣಿ?”

“ಅದೂ ಸುಳ್ಳೇ.”

ಕವನಾಳ ಮುಖ ಕೆಂಪಾಯಿತು. “ಬಂದ ಒಸದ್ರಲ್ಲಿ ಒಂದ್ ತಿಂಗ್ಳು ಆ ಏಣಿ ಉಡುಕ್ದೆ ಸಾ ನಾನು. ಕೇಳ್ದಾಗ ಲೈಬ್ರರಿಯೋರು ನಕ್ರು. ನಿಮ್ ಕಾಲ್ದಲ್ಲಿತ್ತು, ಆಮೇಲ್ ತಗ್ದವ್ರೆ ಅಂತ ನಾನೇ ಸಮಾಧಾನ ಮಾಡ್ಕಂಡೆ. ನನ್ ಜೂನಿಯರ್‌ಗಳ್ಗೂ ಅಂಗೇ ಏಳಿವ್ನಿ!”

ಮೇಷ್ಟ್ರು ಏನೋ ಹೇಳಹೋದರು. ಅಷ್ಟರಲ್ಲಿ ಬಾಗಿಲು ತೆರೆದು ಅವಳ ಮಾರ್ಗದರ್ಶಕಿ ಪ್ರತಿಭಾ ಮೇಡಂ, “ಕವನಾ, ಬಾ, ಎಲ್ಲರೂ ಬಂದಿದ್ದಾರೆ” ಎಂದರು. ಅವಳು ಹಿಂದೆ ತಿರುಗಿ ನೋಡದೆ ಒಳಗೆ ಹೋದಳು.

ಮೇಷ್ಟ್ರು ಕೊನೆಯ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು ಕೂತರು. ಪರೀಕ್ಷೆಯ ಹೊತ್ತಿಗೆ ಮಗುವಿನ ಮನಸ್ಸು ಕೆಡಿಸಿಬಿಟ್ಟೆನಲ್ಲ ಎಂದು ಕೈ ಕೈ ಹೊಸಕಿಕೊಂಡರು. ಮೊದಲ ಎರಡು ಪ್ರಶ್ನೆಗಳಿಗೆ ಅವಳ ದನಿ ನಡುಗಿತು. ಮೂರನೆಯದಕ್ಕೆ ಹಿಡಿತ ಸಿಕ್ಕಿತು. ಯಾವ ತೂಬು, ಯಾವ ಕಾಲ, ಯಾರು ಕಟ್ಟಿಸಿದ್ದು ಎಂದು ಒಂದೊಂದಾಗಿ ಬಿಡಿಸುತ್ತ ಹೋದಳು. ಮೇಷ್ಟ್ರು ತಮ್ಮ ಕಳವಳವನ್ನೂ ಮರೆತು ಕೇಳಿದರು. ಇವಳಿಗೆ ಗೊತ್ತಿರುವುದರಲ್ಲಿ ಕಾಲುಭಾಗವೂ ತಮಗೆ ಗೊತ್ತಿರಲಿಲ್ಲ.

ಕೊನೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು, ಷಡಕ್ಷರಿ ಎಂಬ ಹಿರಿಯರು, ಕನ್ನಡಕ ತೆಗೆದಿಟ್ಟು ಕೇಳಿದರು: “ಈ ಶಾಸನಗಳ ಹುಚ್ಚು ನಿಮಗೆ ಹೇಗೆ ಹತ್ತಿತಮ್ಮ?”

ಕವನಾ ಹೇಳತೊಡಗಿದಳು. “ನಮ್ಮ ಶಾಲೆ ಹಿಂದೆ ಒಂದು ಕಲ್ಲಿತ್ತು ಸರ್. ಎಮ್ಮೆಗಳು ಮೈ ಉಜ್ಜಿಕೊಳ್ಳುತ್ತಿದ್ದವು. ನಮ್ಮ ಮೇಷ್ಟ್ರು ಒಂದು ದಿನ ಅದನ್ನ ತೊಳೆದು, ಸೀಮೆಸುಣ್ಣದ ಪುಡಿ ಉಜ್ಜಿ, ಅಕ್ಷರ ಎದ್ದು ಕಾಣೋ ಹಾಗೆ ಮಾಡಿದರು. ತೂಬು ಕಟ್ಟಿದವನ ಹೆಸರು ಅದರಲ್ಲಿತ್ತು. ಅಷ್ಟು ಹಿಂದಿನ ಒಬ್ಬ ಕಲ್ಲುಕುಟಿಗನ ಹೆಸರನ್ನ ನಾವು ಮಕ್ಕಳೆಲ್ಲ ಸೇರಿ ಜೋರಾಗಿ ಓದಿದೆವು. ಅವತ್ತಿಂದ ಸರ್.” ಆಮೇಲೆ ಕೊನೆಯ ಸಾಲಿನ ಕಡೆ ತಿರುಗಿದಳು. “ಅವರು ಇಲ್ಲೇ ಇದ್ದಾರೆ. ಈ ವಿಶ್ವವಿದ್ಯಾನಿಲಯದಲ್ಲಿ ಅಂಚೆ ಮೂಲಕ ಎಂ.ಎ. ಓದಿದವರು. ಇಲ್ಲಿಗೆ ಬಂದಿರೋದು ಇವತ್ತೇ ಮೊದಲು. ಪ್ರಬಂಧದ ಮೊದಲ ಪುಟದಲ್ಲಿ ನಾನು ತಪ್ಪು ಬರೆದಿದ್ದೀನಿ ಸರ್, ತಿದ್ದುತ್ತೀನಿ.”

ಎಲ್ಲರೂ ತಿರುಗಿ ನೋಡಿದರು. ಮೇಷ್ಟ್ರು ಎದ್ದು ಕೈಮುಗಿದರು. ಷಡಕ್ಷರಿಯವರು, “ಅಷ್ಟು ಹಿಂದೆ ಯಾಕೆ ಕೂತಿರಿ ಸರ್? ಮುಂದೆ ಬನ್ನಿ” ಎಂದು ತಮ್ಮ ಪಕ್ಕದ ಕುರ್ಚಿಯನ್ನು ಎಳೆದು ಕೊಟ್ಟರು.

ಸಿಹಿ ಹಂಚಿ, ಫೋಟೋ ತೆಗೆಸಿಕೊಂಡು, ಊಟ ಮುಗಿಸಿದ ಮೇಲೆ ಕವನಾ ಕೇಳಿದಳು: “ಈಗ ಎಲ್ಲಿಗೆ ಓಗಾನ ಸಾ? ಅರಮನೆಗಾ?” ಕೋಪ ಪೂರ್ತಿ ಇಳಿದಿರಲಿಲ್ಲ. ಆದರೂ ತನ್ನ ತಟ್ಟೆಯ ಮೈಸೂರು ಪಾಕನ್ನು ಅವರ ತಟ್ಟೆಗೆ ಹಾಕಿದ್ದಳು.

“ಅರಮನೆ ನೋಡಿವ್ನಿ. ಲೈಬ್ರರೀಲಿ ಒಂದ್ ಗಳಿಗೆ ಕೂರಕ್ ಬಿಟ್ಟಾರಾ?”

ಪ್ರತಿಭಾ ಮೇಡಂ ಮಾತಾಡಿ ಒಪ್ಪಿಗೆ ಪಡೆದರು. ಒಳಗೆ ಸೂರು ಮುಟ್ಟುವ ಕಪಾಟು ಇರಲಿಲ್ಲ. ಕಬ್ಬಿಣದ ಸಾಲುಗಳು, ನಿಂತಲ್ಲೇ ಕೈಚಾಚಿದರೆ ಸಿಗುವ ಪುಸ್ತಕಗಳು. ಯಾರನ್ನೂ ಕೇಳಬೇಕಿಲ್ಲ, ಏನನ್ನೂ ಹತ್ತಬೇಕಿಲ್ಲ. ಮೇಷ್ಟ್ರಿಗೆ ಇದೇ ಹೆಚ್ಚು ಚೆನ್ನ ಅನ್ನಿಸಿತು. ಹಳೆಯ ಶಾಸನಗಳ ಸಂಪುಟವೊಂದನ್ನು ಎರಡೂ ಕೈಯಲ್ಲಿ ಹೊತ್ತು ತಂದು ಉದ್ದನೆಯ ಮೇಜಿಗೆ ಕೂತರು. ಎರಡೂ ಕಡೆ ತಲೆ ತಗ್ಗಿಸಿ ಓದುತ್ತಿದ್ದ ಹುಡುಗ ಹುಡುಗಿಯರು. ಅಷ್ಟು ಜನ ಇದ್ದರೂ ಹಾಳೆ ಮಗುಚುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಂಥ ನಿಶ್ಶಬ್ದವನ್ನು ಕತೆಯಲ್ಲಿ ಹೇಳಲು ಅವರಿಗೆ ಯಾವತ್ತೂ ತೋಚಿರಲಿಲ್ಲ.

ಅರ್ಧ ಗಂಟೆಯಾದ ಮೇಲೆ ಎದುರಿಗಿದ್ದ ಹುಡುಗಿ ಅವರ ಪುಸ್ತಕದ ಕಡೆ ಬಗ್ಗಿ ನೋಡಿ, “ಸಾ, ನೀವು ಇಲ್ಲಿ ಪ್ರೊಫೆಸರಾ?” ಎಂದು ಪಿಸುಗುಟ್ಟಿದಳು.

“ಅಲ್ಲ ಕಣವ್ವ. ನೋಡಕ್ ಬಂದೋನು. ಅರಕಲಗೂಡು ಕಡೆಯೋನು.”

“ಅಯ್ಯೋ, ನಮ್ ಜಿಲ್ಲೆಯೋರು! ನಮ್ದು ಚನ್ನರಾಯಪಟ್ಟಣದ್ ತಾವ, ನುಗ್ಗೇಹಳ್ಳಿ.”

“ನುಗ್ಗೇಹಳ್ಳಿಯಾ? ನಿಮ್ ದೇವಸ್ಥಾನದ ಶಾಸನ ಓದಿದ್ದೀಯಾ?” ಮೇಷ್ಟ್ರ ದನಿ ತರಗತಿಯ ಎತ್ತರಕ್ಕೆ ಏರಿಬಿಟ್ಟಿತು. ಸಂಪುಟವನ್ನು ಅವಳ ಕಡೆ ತಿರುಗಿಸಿ ಪುಟ ಹುಡುಕತೊಡಗಿದರು.

“ರೀ, ಮಾತಾಡಬಾರದು! ಓದೋದಾದ್ರೆ ಸುಮ್ನೆ ಓದಿ” ಎಂದು ಲೈಬ್ರರಿಯ ಸಿಬ್ಬಂದಿಯೊಬ್ಬರು ದೂರದಿಂದ ಗದರಿದರು.

ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಹುಡುಗಿ ಪುಸ್ತಕದ ಮರೆಯಲ್ಲಿ ನಗು ತಡೆದುಕೊಂಡಳು. ಇಲ್ಲಿನ ವಿದ್ಯಾರ್ಥಿಯ ಹಾಗೆ ಬೈಸಿಕೊಂಡ ಖುಷಿಗೆ ಮುಖವೆಲ್ಲ ಅರಳಿ, ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕೂತು, ತಲೆ ತಗ್ಗಿಸಿ ಓದತೊಡಗಿದರು.