ನಾಲ್ಕು ಪುಟದ ಹೆಸರುಗಳು

"ನಾಲ್ಕು ಪುಟ ತೆಗೀಲೇಬೇಕು ಆಂಟಿ," ಎಂದ ಪ್ರಕಾಶಕ ಹೃಷಿಕೇಶ್, ಮುದ್ರಣಯಂತ್ರದ ಸದ್ದನ್ನು ಮೀರಿಸಿ. "ಹದಿನಾರು ಪುಟಕ್ಕೆ ಒಂದು ಫಾರಂ. ಹತ್ತು ಫಾರಂಗೆ ನೂರ ಅರವತ್ತು. ನಮ್ಮದು ನೂರ ಅರವತ್ನಾಲ್ಕು. ಈ ಪಟ್ಟಿ ಹೋದ್ರೆ ಬಿಲ್ಕುಲ್ ಫಿಟ್. ಇದನ್ನ ಯಾರು ಓದ್ತಾರೆ ಹೇಳಿ?"

ಲೀಲಾವತಿ ರಾಜಧಾನಿಯ ಇನ್ನೊಂದು ತುದಿಯ ರೋಹಿಣಿ ಬಡಾವಣೆಯಿಂದ ಮೆಟ್ರೋ ಬದಲಿಸಿ ಬದಲಿಸಿ ಓಖ್ಲಾದ ಈ ಮುದ್ರಣಾಲಯಕ್ಕೆ ಬಂದಿದ್ದರು. ಕೇಂದ್ರ ಸರ್ಕಾರದ ಗುಮಾಸ್ತೆ ಕೆಲಸದಿಂದ ನಿವೃತ್ತರಾದ ಮೇಲೆ ಮೂರು ವರ್ಷ, ದಿನಾ ಪೂಜೆ ಮುಗಿಸಿ ಕೂತು, ಫಿಜಿ ದ್ವೀಪದ ಕವಯಿತ್ರಿಯೊಬ್ಬಳ ಪುಸ್ತಕವನ್ನು ಕನ್ನಡಕ್ಕೆ ತಂದಿದ್ದರು. ಆಕೆಯ ಮುತ್ತಜ್ಜಿಯನ್ನು ಬ್ರಿಟಿಷರು ಐದು ವರ್ಷದ ಕರಾರಿನ ಮೇಲೆ ಇಲ್ಲಿಂದ ಹಡಗು ಹತ್ತಿಸಿ ಕಬ್ಬು ಕಡಿಯಲು ಅಲ್ಲಿಗೆ ಒಯ್ದಿದ್ದರು. ಬ್ರಿಟಿಷರು ಹೋಗಿ, ಫಿಜಿಯಲ್ಲಿ ಸೇನೆ ಅಧಿಕಾರ ಹಿಡಿದಾಗ, 'ನಿಮ್ಮ ದೇಶಕ್ಕೆ ಹೋಗಿ' ಎಂದು ಜನ ಮರಿಮಗಳಾದ ಈ ಕವಯಿತ್ರಿಯ ಮನೆಯ ಕಿಟಕಿ ಒಡೆದರು. ಪುಸ್ತಕದ ಕೊನೆಯ ಪದ್ಯವೇ ಆ ಪಟ್ಟಿ: ಗದ್ದೆಯಲ್ಲಿ ಸತ್ತವರ ಹೆಸರು, ತಂದೆಯ ಹೆಸರು, ಬಿಟ್ಟುಬಂದ ಜಿಲ್ಲೆ.

ಹಿಂದೆ ಲೀಲಾವತಿಯ ಅಪ್ಪ ಮನೆಯಲ್ಲಿ ಕಾವ್ಯವನ್ನು ಗಮಕದಲ್ಲಿ ಓದುವಾಗ ಯುದ್ಧಕ್ಕೆ ಹೊರಟವರ ಹೆಸರುಗಳು ಬಂದರೆ ಮಕ್ಕಳು ಆಕಳಿಸುತ್ತಿದ್ದರು. "ಇದೊಂದು ಬಿಟ್ಟು ಮುಂದಕ್ಕೆ ಹೋಗಿ ಅಪ್ಪಾ" ಎಂದ ಅಣ್ಣನಿಗೆ ಅಪ್ಪ, "ಸಾಯೋಕೆ ಹೊರಟೋರ ಹೆಸರು ಕೇಳೋಕೂ ಬೇಜಾರೇನೋ?" ಎಂದಿದ್ದರು. ಓದು ಮುಗಿಯುವವರೆಗೆ ಯಾರೂ ಏಳುವಂತಿರಲಿಲ್ಲ.

ಬೇರೊಂದು ಪುಸ್ತಕದ ಅಚ್ಚಿನ ಪ್ಲೇಟ್ ಬದಲಿಸಲು ಯಂತ್ರ ನಿಂತಿತು. ಲೀಲಾವತಿ ಕರಡು ಪ್ರತಿ ಎತ್ತಿಕೊಂಡರು. ಜನ್ಮವಿಡೀ ಬರೀ ಕೇಳುತ್ತಲೇ ಇದ್ದವರು, ಈಗ ಮೊದಲ ಸಲ ಅಪ್ಪನ ಧಾಟಿಯಲ್ಲಿ ಎಳೆದು ಓದಿದರು: "ಸುಖಿಯಾ, ಬುಧನನ ಮಗಳು, ಬಸ್ತಿ. ಜಗೇಸರ, ರಾಮ್‌ದೀನನ ಮಗ, ಗೋಂಡಾ..."

ಮಸಿಗೈಯ ಯಂತ್ರಚಾಲಕ ಶಿವಪೂಜನ್ ತಲೆಯೆತ್ತಿದ. "ಬಸ್ತಿ ಬೋಲಾ ಕ್ಯಾ, ಮಾತಾಜಿ? ಹಮಾರಾ ಜಿಲ್ಲಾ ಹೈ. ಕೌನ್ ಲೋಗ್ ಹೈಂ ಯೇ?" ಬಸ್ತಿ ಅವನದೇ ಜಿಲ್ಲೆ; ಇವರೆಲ್ಲ ಯಾರೆಂದು ಕೇಳುತ್ತಿದ್ದ.

"ಗನ್ನಾ ಕಾಟ್‌ನೇ ಗಯೇ ಥೇ, ಭಯ್ಯಾ. ಲೌಟೇ ನಹೀಂ." ಕಬ್ಬು ಕಡಿಯಲು ಹೋದವರು, ಮರಳಲಿಲ್ಲ ಎಂದರು ಲೀಲಾವತಿ.

ಅವನು ಕೈ ಒರೆಸಿಕೊಂಡು ಹತ್ತಿರ ಬಂದು ನಿಂತ. "ಔರ್ ಪಢಿಯೇ," ಇನ್ನೂ ಓದಿ ಎಂದ.

"ಅಚ್ಛಾ ಆಂಟಿ, ನಂಗೆ ಅರ್ಥ ಆಗತ್ತೆ," ಎಂದ ಹೃಷಿಕೇಶ್. "ಫಾರಂಗೆ ಅರ್ಥ ಆಗಲ್ವಲ್ಲ!"

"ನಮ್ಮ ಪುಸ್ತಕದ ಯಾವ ಫಾರಂಗೂ ಪ್ಲೇಟ್ ಇನ್ನೂ ಆಗಿಲ್ಲ ತಾನೇ?"

"ಇಲ್ಲ."

ಲೀಲಾವತಿ ಕರಡಿನ ಮುಂಭಾಗದಿಂದ, ಒಂದೇ ಬದಿ ಅಚ್ಚಾದ ನಾಲ್ಕು ಹಾಳೆ ಎಳೆದು ಮೇಜಿನ ಮೇಲಿಟ್ಟರು. "ಇದನ್ನ ತೆಗಿ."

"ಅರೇ, ಇದು ನಿಮ್ಮ ಮುನ್ನುಡಿ! ನಿಮ್ಮ ತಂದೆ ಬಗ್ಗೆ ಬರೆದಿದ್ದು. ಇದೊಂದಕ್ಕೇ ಎರಡು ತಿಂಗಳು ಕಾಯಿಸಿದ್ರಿ ನನ್ನ."

"ಅಪ್ಪನ್ನ ನೆನೆಸ್ಕೊಳ್ಳೋಕೆ ನಾನಿದ್ದೀನಪ್ಪ."

"ಇನ್ನೊಂದ್ಸಲ ಯೋಚನೆ ಮಾಡಿ, ಪ್ಲೀಸ್."

"ಮಾಡಿದ್ದಾಯ್ತು. ಪಟ್ಟೀಲಿ ಒಂದು ಹೆಸರೂ ಬಿಡಬಾರದು, ನೋಡ್ಕೋ."

ಹೃಷಿಕೇಶ್ ಪೆನ್ನು ತೆಗೆದು ಪುಟಸಂಖ್ಯೆ ತಿದ್ದತೊಡಗಿದ.

ಮಧ್ಯಾಹ್ನ ಊಟದ ಬಿಡುವಿಗೆ ಕನ್ನಡ ಓದಲು ಬಾರದ ಶಿವಪೂಜನ್ ಮೇಜಿನ ಮೇಲೆ ಬಿದ್ದಿದ್ದ ಮುನ್ನುಡಿಯ ಹಾಳೆಗಳನ್ನು ಹಾಸಿಕೊಂಡು ಡಬ್ಬಿ ಬಿಚ್ಚಿದ. ರೊಟ್ಟಿ, ಉಪ್ಪಿನಕಾಯಿ. ಎಣ್ಣೆ ಹರಡಿ ಅಪ್ಪನ ಹೆಸರನ್ನು ಮುಟ್ಟಿತು. ಲೀಲಾವತಿಯ ಕೈ ಒಮ್ಮೆ ಮುಂದಕ್ಕೆ ಹೋಗಿ, ಹಿಂದಕ್ಕೆ ಬಂತು. ಚಹಾದ ಲೋಟ ಪಕ್ಕಕ್ಕಿಟ್ಟು, ಅವನೆದುರು ಸ್ಟೂಲಿನ ಮೇಲೆ ಕೂತು, ಪಟ್ಟಿಯಲ್ಲಿ ನಿಲ್ಲಿಸಿದ್ದ ಸಾಲಿನಿಂದ ಮತ್ತೆ ಓದತೊಡಗಿದರು. ಅವನ ಕೈಯಲ್ಲಿ ಮುರಿದ ರೊಟ್ಟಿ ಹಾಗೇ ಇತ್ತು.